‘ಬ್ಲೆನ್‌ಹೈಮ್’ ಯುದ್ಧನೌಕೆಯ ಅವಸಾನ

ಕ್ರಿ. ಶ. 1807ನೆಯ ಇಸವಿ ಜನವರಿ ತಿಂಗಳ 12ನೆಯ ದಿನ ಮದರಾಸಿನ ಕರೆಯಿಂದ ಮೂರು ಹಡಗುಗಳು ಹಾಯಿ ಬಿಚ್ಚಿ ದಕ್ಷಿಣಾಭಿಮುಖವಾಗಿ ಹೊರಟವು. ಮುಂದಿನದು 74 ಫಿರಂಗಿಗಳ ‘ಬ್ಲೆನ್‌ಹೈಮ್’. ಅದರ ಕೂವೆಮರದ ಮೇಲೆ ನೌಕಾಧಿಪತಿ ಸರ್ ತಾಮಸ್ ಟ್ರೂಬ್ರಿಡ್ಜನ ಪತಾಕೆ ಹಾರುತ್ತಿತ್ತು. ಅದರ ಸಂಗಡ ‘ಜಾವಾ’ ಎಂಬ ಫ್ರಿಗೇಟ್ ನೌಕೆಯೂ ‘ಹ್ಯಾರಿಯರ್’ ಎಂಬ ಚಿಕ್ಕ ಯುದ್ಧನೌಕೆಯೂ ಇದ್ದುವು. ಮೂರೂ ಆಫ್ರಿಕಾ ಖಂಡದ ತುದಿಯಲ್ಲಿರುವ ಗುಡ್ ಹೋಪ್ ಭೂಶಿರಕ್ಕೆ ಹೋಗಬೇಕಾಗಿದ್ದುವು. ಅಲ್ಲಿಗೆ ಹೋಗಿ ಸೇರಿದ್ದು ಮೂರರಲ್ಲಿ ಅತ್ಯಂತ ಕಿರಿದಾದ ಹ್ಯಾರಿಯರ್ ಒಂದೇ. ಉಳಿದೆರಡು ಹಡಗುಗಳಾಗಲಿ, ಅವುಗಳಲ್ಲಿದ್ದ ನೂರಾರು ಜನರಲ್ಲಿ ಒಬ್ಬನಾಗಲಿ ಮರಳಿ ಮನುಷ್ಯರ ಕಣ್ಣಿಗೆ ಬೀಳಲಿಲ್ಲ.

ಸಮುದ್ರವು ಹಡಗುಗಳನ್ನು ನುಂಗುವುದು ಹೊಸತಲ್ಲ. ಹಾಯಿಹಡಗುಗಳ ಕಾಲದಲ್ಲಿ ಬ್ರಿಟಿಷ್ ನೌಕಾಬಲವು ಶತ್ರುಗಳ ಗುಂಡಿಗೆ ಕಳೆದುಕೊಂಡುದಕ್ಕಿಂತ ಎಷ್ಟೋ ಹೆಚ್ಚು ಹಡಗುಗಳನ್ನು ಬಂಡೆ, ಬಿರುಗಾಳಿ, ಬೆಂಕಿಗಳಿಗೆ ಒಪ್ಪಿಸಿತು. ಆದರೆ ಬ್ಲೆನ್‌ಹೈಮಿನ ವಿಷಯದಲ್ಲಿ ವಿಶೇಷವೊಂದುಂಟು. ಅದು ಮುಳುಗಬಹುದೆಂಬುದು ಅದು ಹೊರಡುವುದಕ್ಕೆ ಮುಂಚೆಯೇ ತಿಳಿದಿತ್ತು. ಅದರ ಕ್ಯಾಪ್ಟನ್ನನು ಅದನ್ನು ಹೇಳಿದ್ದನು. ಹೇಳಿಸಿಕೊಂಡವನು ಅವಿವೇಕಿಯೂ ಅಲ್ಲ, ಕಡಲನ್ನರಿಯದವನೂ ಅಲ್ಲ. ಆ ಕಾಲದ ಇಂಗ್ಲಿಷ್ ನಾವಿಕರೊಳಗೆ ಮುಂದಿನ ಸಾಲಿನಲ್ಲಿ ಎಣಿಸಲ್ಪಡುತ್ತಿದ್ದ ಪುರುಷನು ಅವನು.

ಹಡಗಿನ ಹುಟ್ಟನ್ನು ಮೊದಲು ನೋಡಬೇಕು. ಬ್ಲೆನ್‌ಹೈಮ್ ಎಂಬುದು ಜರ್ಮನಿಯ ಬವೇರಿಯಾ ಪ್ರಾಂತದ ಒಂದು ಹಳ್ಳಿಯ ಹೆಸರು. 1704ರಲ್ಲಿ ಮಾರ್ಲ್‌ಬರೋ ಪ್ರಭುವು ಫ್ರೆಂಚರನ್ನು ಅಲ್ಲಿ ಸೋಲಿಸಿದುದರ ನೆನಪಿಗೆ ಆ ಹೆಸರನ್ನು ಹಡಗಿಗೆ ಇಟ್ಟರು. ಥೇಮ್ಸ್ ನದಿಯ ದಡದ ವುಲ್ವಿಚ್ ನೌಕಾಂಗಣದಲ್ಲಿ 1761ನೆಯ ಇಸವಿ ಜುಲೈ ತಿಂಗಳಲ್ಲಿ ಅದನ್ನು ನೀರಿಗಿಳಿಸಿದರು. ಅದರ ನಕಾಶೆಯನ್ನು ಬರೆದವನು ತಾಮಸ್ ಸ್ಲೇಡ್. ನೆಲ್ಸನ್ನನು ಯಾವ ಹಡಗಿನ ಮೇಲೆ ಪ್ರಾಣಬಿಟ್ಟನೋ ಆ ‘ವಿಕ್ಟರಿ’ಯನ್ನು ರೂಪಿಸಿದವನೂ ಇವನೇ. ಮೂರು ಅಂತಸ್ತು, 90 ಫಿರಂಗಿ, ಓಕ್ ಮರದ ಮೈ. ಕಟ್ಟಿದಾಗ ಅದು ಗಣ್ಯವಾದ ನೌಕೆಯೇ ಸರಿ. 1797ನೆಯ ಇಸವಿ ಫೆಬ್ರವರಿ 14ರಂದು ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಹದಿನೈದು ಇಂಗ್ಲಿಷ್ ಹಡಗುಗಳು ಇಪ್ಪತ್ತೇಳು ಸ್ಪೇನಿನ ಹಡಗುಗಳ ಮೇಲೆ ನುಗ್ಗಿದಾಗ, ಸಾಲಿನ ಮುಂದೆ ನಡೆದದ್ದು ‘ಕಲೋಡನ್’ ನೌಕೆ. ಅದರ ಬೆನ್ನ ಹಿಂದೆಯೇ ಬಂದುದು ಬ್ಲೆನ್‌ಹೈಮ್. ಕಲೋಡನ್ನಿನ ಕ್ಯಾಪ್ಟನ್ನನು ಅಂದು ಇದೇ ಟ್ರೂಬ್ರಿಡ್ಜನಾಗಿದ್ದನು. ತನ್ನ ಹಿಂದೆ ಬರುತ್ತಿದ್ದ ಆ ಹಡಗು ಹತ್ತು ವರ್ಷಗಳ ಮೇಲೆ ತನಗೆ ಸಮಾಧಿಯಾದೀತೆಂದು ಆತನು ಹೇಗೆ ಎಣಿಸಿಯಾನು?

ಆದರೆ ಮರಕ್ಕೆ ಮುಪ್ಪು ತಪ್ಪಿದ್ದಲ್ಲ. ಹತ್ತೊಂಬತ್ತನೆಯ ಶತಮಾನ ಹುಟ್ಟುವ ವೇಳೆಗೆ ಬ್ಲೆನ್‌ಹೈಮಿಗೆ ನಾಲ್ವತ್ತು ವರ್ಷ ತುಂಬಿತ್ತು. ಅದರ ಮೇಲಿನ ಅಂತಸ್ತನ್ನು ಕಡಿದುಹಾಕಿ 74 ಫಿರಂಗಿಗಳ ಹಡಗನ್ನಾಗಿ ಮಾರ್ಪಡಿಸಿದರು. ಹಳೆಯ ನೌಕೆಗಳ ಭಾರವನ್ನಿಳಿಸಿ ಇನ್ನಷ್ಟು ಕಾಲ ದುಡಿಸಿಕೊಳ್ಳುವ ಈ ಉಪಾಯವು ಅಂದು ರೂಢಿಯಲ್ಲಿತ್ತು. ಫ್ರಾನ್ಸಿನ ಸಂಗಡ ಯುದ್ಧ ನಡೆಯುತ್ತಿದ್ದುದರಿಂದ ತೇಲಬಲ್ಲ ಹಲಗೆಯೆಲ್ಲ ಬೇಕಾಗಿತ್ತು.

ತಾಮಸ್ ಟ್ರೂಬ್ರಿಡ್ಜನು ಲಂಡನ್ ನಗರದ ಒಬ್ಬ ರೊಟ್ಟಿಯಂಗಡಿಯವನ ಮಗ. ಕುಲೀನರ ಮಕ್ಕಳಿಗೆ ಸುಲಭವಾಗಿ ತೆರೆಯುತ್ತಿದ್ದ ನೌಕಾಬಲದ ಬಾಗಿಲು ಇಂಥವರಿಗೆ ಕಷ್ಟದಿಂದ ತೆರೆಯುತ್ತಿತ್ತು. 1773ರಲ್ಲಿ ‘ಸೀಹಾರ್ಸ್’ ಎಂಬ ಹಡಗಿನಲ್ಲಿ ಸೇರಿ ಹಿಂದೂ ಮಹಾಸಾಗರಕ್ಕೆ ಬಂದನು. ಅದೇ ಹಡಗಿನಲ್ಲಿ ಅವನಿಗೆ ಒಡನಾಡಿಯಾಗಿ ಸಿಕ್ಕ ಬಾಲಕನು ಹೊರೇಷಿಯೋ ನೆಲ್ಸನ್. ನೆಲ್ಸನ್ನನು ಜ್ವರದಿಂದ ಬಳಲಿ ಊರಿಗೆ ಮರಳಿದನು, ಟ್ರೂಬ್ರಿಡ್ಜನು ನಿಂತನು. ಅವನು ದೊಡ್ಡವನಾದದ್ದು ನಮ್ಮ ಕಡಲಿನಲ್ಲಿಯೇ, ಅದೂ ಮೈಸೂರಿನೊಂದಿಗೆ ಇಂಗ್ಲಿಷರು ಮಾಡಿದ ಎರಡನೆಯ ಯುದ್ಧದ ದಿನಗಳಲ್ಲಿ. 1780ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ನೌಕಾಧಿಪತಿ ಹ್ಯೂಸನು ಮಂಗಳೂರಿನ ಬಂದರಿನಲ್ಲಿ ಹೈದರಾಲಿಯ ಹಡಗುಗಳನ್ನು ಸುಟ್ಟು ಹಾಳುಮಾಡಿದ ಮೇಲೆ, ಕಡಲಿನ ಕಡೆಯಿಂದ ಹೈದರನಿಗೆ ಇದ್ದ ಆಸರೆಯೆಂದರೆ ಫ್ರೆಂಚರ ನೌಕಾಪತಿ ಸಫ್ರೆನ್ ಒಬ್ಬನೇ. ಸಫ್ರೆನನಿಗೂ ಹ್ಯೂಸನಿಗೂ 1782ರಲ್ಲಿ ಸದರಾಸಿನ ಬಳಿಯೂ ತ್ರಿಕೋಣಮಲೆಯ ಬಳಿಯೂ ನಡೆದ ಕಾಳಗಗಳಲ್ಲಿ ಟ್ರೂಬ್ರಿಡ್ಜನು ಕಾದಿದನು. ಆ ವರ್ಷದ ಜುಲೈ ತಿಂಗಳಲ್ಲಿ ಸಫ್ರೆನನು ಕಡಲೂರಿನ ಬಳಿ ಹೈದರನ ಪಾಳೆಯಕ್ಕೆ ಹೋಗಿ ಅವನನ್ನು ಕಂಡುದು ಮೈಸೂರಿನ ಚರಿತ್ರೆಯನ್ನೋದಿದವರಿಗೆಲ್ಲ ತಿಳಿದ ಸಂಗತಿ. ಹ್ಯೂಸನ ಮೆಚ್ಚುಗೆಯಿಂದ ಟ್ರೂಬ್ರಿಡ್ಜನು ಬೇಗನೆ ಮೇಲೇರಿ ಮರುವರ್ಷವೇ ಕ್ಯಾಪ್ಟನ್ನನಾದನು.

ಅವನ ಶೌರ್ಯದ ಕಥೆಗಳು ಅನೇಕವಾಗಿವೆ. 1797ರಲ್ಲಿ ನೆಲ್ಸನ್ನನು ಬಲಗೈ ಕಳೆದುಕೊಂಡ ಟೆನೆರೀಫಿನ ಮುತ್ತಿಗೆಯಲ್ಲಿ, ಮದ್ದೆಲ್ಲ ನೆನೆದುಹೋಗಿ ಕೈಯಲ್ಲಿದ್ದ ಸ್ವಲ್ಪ ಜನರೊಡನೆ ಊರ ನಡುವೆ ಸಿಕ್ಕಿಬಿದ್ದಾಗ, ತಮ್ಮನ್ನು ಬಿಟ್ಟುಕೊಡದಿದ್ದರೆ ಊರಿಗೆ ಬೆಂಕಿಯಿಡುವೆನೆಂದು ಸ್ಪೇನಿನವರಿಗೆ ಹೇಳಿಕಳುಹಿಸಿ ಮಾನದಿಂದ ಹಿಂತಿರುಗಿದನು. ಮರುವರ್ಷ ನೈಲ್ ನದಿಯ ಮುಖದ ಬಳಿ ನಡೆದ ಮಹಾಯುದ್ಧದಲ್ಲಿ ಮಾತ್ರ ಅದೃಷ್ಟವು ಅವನಿಗೆ ಬೆನ್ನು ತೋರಿತು. ಸಂಜೆಗತ್ತಲಲ್ಲಿ ಅವಸರದಿಂದ ಬರುತ್ತಿದ್ದ ಕಲೋಡನ್ ನೌಕೆಯು ಅಬೂಕೀರ್ ದ್ವೀಪದ ಪಕ್ಕದ ದಿಬ್ಬಕ್ಕೆ ಹತ್ತಿ ನಿಂತುಬಿಟ್ಟಿತು. ರಾತ್ರಿಯೆಲ್ಲ ಕಣ್ಣೆದುರಿಗೆ ಯುದ್ಧವು ಉರಿಯುತ್ತಿರಲು ಅವನಿಗೆ ಒಂದು ಗುಂಡನ್ನೂ ಹಾರಿಸಲಾಗಲಿಲ್ಲ. ಉಳಿದ ಕ್ಯಾಪ್ಟನ್ನರ ಜೊತೆಗೆ ಇವನಿಗೂ ಪದಕ ಸಲ್ಲಲೇಬೇಕೆಂದು ನೆಲ್ಸನ್ನನು ವಾದಿಸಿ ಕೊಡಿಸಿದನು. 1801ರಿಂದ 1804ರವರೆಗೆ ಟ್ರೂಬ್ರಿಡ್ಜನು ಲಂಡನ್ನಿನ ನೌಕಾಮಂಡಲಿಯಲ್ಲಿ ಸದಸ್ಯನಾಗಿದ್ದನು. ಆಗ ಹಳೆಯ ಗೆಳೆಯರಿಬ್ಬರ ನಡುವೆ ಸ್ನೇಹವು ತಣ್ಣಗಾಯಿತು. ಮೇಲಧಿಕಾರಿಯಾಗಿ ಕಾಗದಗಳಿಗೆ ಸಹಿಹಾಕುವ ಕೆಲಸವು ಅವನಂಥ ಮನುಷ್ಯನಿಗೆ ತಕ್ಕುದಾಗಿರಲಿಲ್ಲವೆಂದೇ ಹೇಳಬೇಕು.

1805ರಲ್ಲಿ ಅವನು ಪತಾಕೆಯನ್ನು ಬ್ಲೆನ್‌ಹೈಮಿನ ಮೇಲೇರಿಸಿ, ಈಸ್ಟ್ ಇಂಡಿಯಾ ಕಂಪೆನಿಯ ವ್ಯಾಪಾರದ ಹಡಗುಗಳನ್ನು ಕಾದುಕೊಂಡು ಹಿಂದೂ ದೇಶಕ್ಕೆ ಹೊರಟನು. ದಾರಿಯಲ್ಲಿ ಆಗಸ್ಟ್ 6ರಂದು ಫ್ರೆಂಚರ ನೌಕಾಪತಿ ಲಿನ್ವಾ ಎಂಬವನು ‘ಮಾರೆಂಗೋ’ ಹಡಗಿನಲ್ಲಿ ಎದುರಾದಾಗ, ಮುದಿ ಬ್ಲೆನ್‌ಹೈಮ್ ಅವನನ್ನು ತಡೆದು ಹಿಮ್ಮೆಟ್ಟಿಸಿತು. ಇಲ್ಲಿಗೆ ಬಂದು ನೋಡಿದರೆ ಸರ್ ಎಡ್ವರ್ಡ್ ಪೆಲ್ಯೂ ಎಂಬ ನೌಕಾಧಿಪತಿಯು ಆಗಲೇ ಈ ಸಮುದ್ರದ ಸರ್ವಾಧಿಕಾರವನ್ನು ಹೊಂದಿದ್ದನು. ಲಂಡನ್ನಿನ ರಾಜಕೀಯದ ಗೊಂದಲದಲ್ಲಿ ಆ ಅಧಿಕಾರವನ್ನು ಎರಡಾಗಿ ಸೀಳಿ, ಪೂರ್ವದ ಭಾಗವನ್ನು ಟ್ರೂಬ್ರಿಡ್ಜನಿಗೆ ಕೊಟ್ಟಿದ್ದರು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು. ಪೆಲ್ಯೂ ಒಪ್ಪಲಿಲ್ಲ; ಟ್ರೂಬ್ರಿಡ್ಜನು ಬಗ್ಗಲಿಲ್ಲ. ಹಡಗುಗಳ ಹಂಚಿಕೆ, ಆಜ್ಞೆಗಳ ಅಧಿಕಾರ, ಇವುಗಳ ಮೇಲೆ ಇಬ್ಬರೂ ಕಾಗದಯುದ್ಧವನ್ನು ಹೂಡಿ ಲಂಡನ್ನಿಗೆ ದೂರುಗಳನ್ನು ಬರೆದರು. ಕಾಗದವು ಹೋಗಿ ಉತ್ತರ ಬರಲು ವರ್ಷದ ಹತ್ತಿರ ಹಿಡಿಯುತ್ತಿದ್ದ ಕಾಲವದು. ಸೋಜಿಗವೇನೆಂದರೆ, ಪೆಲ್ಯೂವಿನ ಪತಾಕೆ ಹಾರುತ್ತಿದ್ದುದು ಟ್ರೂಬ್ರಿಡ್ಜನ ಹಳೆಯ ನೌಕೆಯಾದ ಕಲೋಡನ್ನಿನ ಮೇಲೆ. ಕೊನೆಗೆ 1806ರಲ್ಲಿ ನೌಕಾಮಂಡಲಿಯು ಇಡೀ ಅಧಿಕಾರವನ್ನು ಮರಳಿ ಪೆಲ್ಯೂವಿಗೊಪ್ಪಿಸಿ, ಅದೇ ವರ್ಷ ಡಚ್ಚರಿಂದ ಗೆದ್ದಿದ್ದ ಗುಡ್ ಹೋಪ್ ಭೂಶಿರದ ಅಧಿಕಾರವನ್ನು ಟ್ರೂಬ್ರಿಡ್ಜನಿಗೆ ಕೊಟ್ಟಿತು.

ಇಷ್ಟರಲ್ಲಿ ಬ್ಲೆನ್‌ಹೈಮಿಗೆ ಕೇಡು ಒದಗಿತ್ತು. ಮಲಾಕ್ಕಾ ಜಲಸಂಧಿಯಲ್ಲಿ ಅದು ನೆಲಕ್ಕೆ ತಗಲಿ ಕುಳಿತುಬಿಟ್ಟಿತು. ಹೇಗೋ ಬಿಡಿಸಿಕೊಂಡು ಪಿನಾಂಗಿಗೆ ತಂದು ಕೈಲಾದಷ್ಟು ರಿಪೇರಿ ಮಾಡಿ ಮದರಾಸಿಗೆ ತಲುಪಿಸಿದರು. ಆದರೆ ಹಡಗಿನ ಬೆನ್ನು ಮುರಿದಿತ್ತು. ಈ ಮಾತು ಅಲಂಕಾರವಲ್ಲ. ಮರದ ಹಡಗಿನ ನಡುಭಾಗವು ಅಗಲವಾಗಿ ನೀರಿನ ಒತ್ತಡಕ್ಕೆ ಮೇಲೇಳುತ್ತದೆ. ಮುಂತುದಿ ಹಿಂತುದಿಗಳು ಕಿರಿದಾಗಿದ್ದು ತಮ್ಮ ಭಾರಕ್ಕೆ ತಾವೇ ಕೆಳಗೆ ಜೋಲುತ್ತವೆ. ಎಳೆಯ ಹಡಗಿನಲ್ಲಿ ತೊಲೆಗಳ ಬಿಗಿಯು ಇದನ್ನು ತಡೆದೀತು. ಮುದಿ ಹಡಗಿನಲ್ಲಿ ಮರದ ಮೊಳೆಗಳು ಸಡಿಲಿ, ಬೆನ್ನೆಲುಬಿನಂತಿರುವ ಅಡಿಮರವು ಬಿಲ್ಲಿನಂತೆ ಬಾಗುತ್ತದೆ. ನೆಲಕ್ಕೆ ಬಡಿದ ಪೆಟ್ಟೂ ಸೇರಿದರೆ ಹೇಳಬೇಕಾದುದೇ ಇಲ್ಲ. ಹಲಗೆಗಳ ಸಂದಿನಲ್ಲಿ ತುರುಕಿದ ನಾರೂ ರಾಳವೂ ಕಿತ್ತುಬಂದು, ಹಡಗು ಉಸಿರಾಡಿದಂತೆಲ್ಲ ನೀರು ಒಳಕ್ಕೆ ಜಿನುಗುತ್ತದೆ. ಬ್ಲೆನ್‌ಹೈಮ್ ಮದರಾಸಿನ ಎದುರಿಗೆ ಲಂಗರು ಹಾಕಿ ಸುಮ್ಮನೆ ನಿಂತಿದ್ದಾಗಲೂ ನೀರೆತ್ತುವ ಯಂತ್ರಗಳನ್ನು ನಿಲ್ಲಿಸುವಂತಿರಲಿಲ್ಲ. ಕೂವೆಮರಗಳೂ ಪೆಟ್ಟು ತಿಂದಿದ್ದುವು.

ಮದರಾಸಿನಲ್ಲಿ ಅಂದು ಬಂದರೆಂಬುದೇ ಇರಲಿಲ್ಲ. ತೆರೆದ ಕಡಲಿನಲ್ಲಿ ಹಡಗು ನಿಲ್ಲಬೇಕು. ದಡಕ್ಕೂ ಹಡಗಿಗೂ ನಡುವೆ ಅಬ್ಬರಿಸುವ ಅಲೆಗಳನ್ನು ಹಗ್ಗದಿಂದ ಹೊಲಿದ ಹಲಗೆಗಳ ಮಸೂಲ ದೋಣಿಗಳಲ್ಲಿ ದಾಟಬೇಕು. ಇಂಥಲ್ಲಿ ಮುರಿದ ಹಡಗನ್ನು ಎತ್ತಿ ಅಡಿಭಾಗವನ್ನು ನೋಡುವುದೆಂತು? ಅದಕ್ಕೆ ತಕ್ಕ ಒಣ ನೌಕಾಂಗಣವಿದ್ದುದು ಮುಂಬಯಿಯಲ್ಲಿ. ವಾಡಿಯಾ ಮನೆತನದ ಪಾರ್ಸಿ ನೌಕಾಶಿಲ್ಪಿಗಳ ಕೈಚಳಕವು ಇಂಗ್ಲೆಂಡಿನವರೆಗೂ ಪ್ರಸಿದ್ಧವಾಗಿತ್ತು. ಅವರು ಮಲೆಯಾಳದ ಕಾಡುಗಳ ಸಾಗುವಾನಿಯಿಂದ ಕಟ್ಟಿದ ಹಡಗುಗಳು ಓಕ್ ಮರದವುಗಳಿಗಿಂತ ಬಹುಕಾಲ ಬಾಳುತ್ತಿದ್ದುವು. 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ‘ಟ್ರಿಂಕೋಮಲೀ’ ಎಂಬ ನೌಕೆಯು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆಯೆಂದರೆ ಆ ಮರದ ಸತ್ತ್ವ ಎಂಥದೆಂದು ತಿಳಿಯಬಹುದು. ಬ್ಲೆನ್‌ಹೈಮನ್ನು ಮುಂಬಯಿಗೆ ಒಯ್ಯಲಿಲ್ಲ.

ಬ್ಲೆನ್‌ಹೈಮಿನ ಕ್ಯಾಪ್ಟನ್ನನಾದ ಆಸ್ಟಿನ್ ಬಿಸೆಲನು, ಹಡಗು ಈ ಪ್ರಯಾಣಕ್ಕೆ ಯೋಗ್ಯವಲ್ಲವೆಂದು ತನ್ನ ನೌಕಾಧಿಪತಿಗೆ ಕ್ರಮವರಿತು ಅರಿಕೆ ಮಾಡಿದನು. ನಿನಗೆ ಭಯವಿದ್ದರೆ ದಡದಲ್ಲಿ ಇಳಿದುಕೊಳ್ಳಬಹುದೆಂದು ಟ್ರೂಬ್ರಿಡ್ಜನು ಉತ್ತರವಿತ್ತನೆಂದು ಪ್ರತೀತಿ. ಮಾನವಂತನಾದ ಅಧಿಕಾರಿಗೆ ಇಂಥ ಮಾತನ್ನಾಡಿದ ಮೇಲೆ ಅವನು ಮಾಡಬಹುದಾದುದು ಒಂದೇ. ಬಿಸೆಲನು ಬಾಯಿ ಮುಚ್ಚಿಕೊಂಡು ಹಡಗಿನಲ್ಲಿಯೇ ಉಳಿದನು. ಪೆಲ್ಯೂವೂ ಹಳೆಯ ಜಗಳವನ್ನು ಬದಿಗಿಟ್ಟು, ಪತಾಕೆಯನ್ನು ಬೇರೊಂದು ಹಡಗಿಗೆ ಬದಲಾಯಿಸಬೇಕೆಂದು ಹೇಳಿನೋಡಿದನು. ಫಲವಾಗಲಿಲ್ಲ. ಎರಡು ವರ್ಷ ಸೆಣಸಿದ ಪ್ರತಿಕಕ್ಷಿಯ ಕೈಯಿಂದ ಹಡಗಿನ ಉಪಕಾರವನ್ನು ಪಡೆಯುವುದು ಟ್ರೂಬ್ರಿಡ್ಜನಿಗೆ ಸಹಿಸದಾಯಿತೆಂದು ಊಹಿಸುವುದು ತಪ್ಪಾಗಲಾರದು. ಅದರೊಡನೆ ಇನ್ನೊಂದು ಕಾರಣವನ್ನೂ ಹೇಳಬೇಕು. ಅವನು ಅದಕ್ಕೆ ಹಿಂದೆಯೂ ಇತರರು ಆಗದೆಂದುದನ್ನು ಆಗಿಸಿದ್ದನು. ನೈಲಿನ ದಿಬ್ಬದಿಂದ ಕಲೋಡನ್ನನ್ನು ಬಿಡಿಸಿ, ಚುಕ್ಕಾಣಿ ಕಳೆದುಹೋದ, ತೂತುಬಿದ್ದ ಆ ಹಡಗನ್ನು ನೇಪಲ್ಸಿನವರೆಗೆ ತೇಲಿಸಿಕೊಂಡು ಹೋಗಿದ್ದನು. ಒಮ್ಮೆ ಗೆದ್ದ ಸಾಹಸವು ಮತ್ತೊಮ್ಮೆಯೂ ಗೆದ್ದೀತೆಂಬ ನಂಬಿಕೆಯು ವೀರರಿಗೆ ಸಹಜವಾಗಿ ಬರುವ ರೋಗ.

ಆ ನಂಬಿಕೆ ಅವನೊಬ್ಬನದೇ ಆಗಿರಲಿಲ್ಲವೆಂಬುದು ಈ ಕಥೆಯಲ್ಲಿ ಅತ್ಯಂತ ಮರುಕ ಹುಟ್ಟಿಸುವ ಭಾಗ. ಬಾಗಿದ ಬೆನ್ನಿನ ಆ ಹಡಗನ್ನು ದಡದಲ್ಲಿ ನಿಂತವರೆಲ್ಲ ಬರಿಗಣ್ಣಿನಿಂದ ನೋಡಬಹುದಾಗಿತ್ತು. ಆದರೂ ಟ್ರೂಬ್ರಿಡ್ಜನು ನಡೆಸುವ ಹಡಗಿಗೆ ಅಪಾಯವೆಲ್ಲಿಯದೆಂದು ಮದರಾಸಿನ ಇಂಗ್ಲಿಷ್ ಪ್ರಯಾಣಿಕರು ಹಲವರು ಅದರಲ್ಲಿ ಸ್ಥಳ ಪಡೆದರು. ನೌಕಾವಿದ್ಯೆಯನ್ನು ಕಲಿಯುವ ಹುಡುಗರು ಎಂದಿನಂತೆ ಇದ್ದರು. ಅವರಲ್ಲೊಬ್ಬನಾದ ರೋಸ್‌ಹಿಲ್ ಪ್ರಭುವು ಟ್ರಫಾಲ್ಗರ್ ಯುದ್ಧದಲ್ಲಿ ಮೂರನೆಯ ಸೇನಾಧಿಪತಿಯಾಗಿದ್ದ ನಾರ್ತೆಸ್ಕ್ ಪ್ರಭುವಿನ ಹಿರಿಯ ಮಗ. ಹದಿನಾರರ ಪ್ರಾಯದ ಬಾಲಕ.

ಸಂಗಡ ಹೊರಟ ಜಾವಾದ ಸ್ಥಿತಿಯೂ ಮೆಚ್ಚತಕ್ಕುದಾಗಿರಲಿಲ್ಲ. ಅದು ಮೊದಲು ಡಚ್ಚರ ‘ಮರಿಯಾ ರೈಗರ್ಸ್‌ಬರ್ಗೆನ್’. ಮೂರು ತಿಂಗಳ ಕೆಳಗೆ, 1806ನೆಯ ಇಸವಿ ಅಕ್ಟೋಬರ್ 18ರಂದು, ಬಟೇವಿಯಾದ ಬಳಿ ‘ಕ್ಯಾರೊಲೈನ್’ ಎಂಬ ಇಂಗ್ಲಿಷ್ ಹಡಗು ಅದನ್ನು ಸೆರೆಹಿಡಿದಿತ್ತು. ಹೆಸರು ಬದಲಾಯಿಸಿ ಕ್ಯಾಪ್ಟನ್ ಪಿಗಟನಿಗೆ ಒಪ್ಪಿಸಿ ಅವಸರದಿಂದ ಕಡಲಿಗಿಳಿಸಿದ್ದರು.

ಹೊರಟ ಕಾಲವೂ ಕೆಟ್ಟುದಾಗಿತ್ತು. ಬಂಗಾಳ ಕೊಲ್ಲಿಯಲ್ಲಿ ಜನವರಿಯ ಈಶಾನ್ಯಮಾರುತವು ಸೌಮ್ಯವಾಗಿ ಬೀಸಿ ಹಡಗುಗಳನ್ನು ಸುಖವಾಗಿ ದಕ್ಷಿಣಕ್ಕೆ ತಳ್ಳುವುದು. ಆದರೆ ಸಮಭಾಜಕ ರೇಖೆಯನ್ನು ದಾಟಿದ ಮೇಲೆ ಸಂಗತಿ ಬೇರೆ. ಜನವರಿಯಿಂದ ಮಾರ್ಚಿಯವರೆಗೆ ಮಾರಿಷಸ್, ರಾಡ್ರಿಗ್ಸ್ ದ್ವೀಪಗಳ ಸುತ್ತಣ ಸಮುದ್ರವು ಚಂಡಮಾರುತಗಳ ತವರುಮನೆ. ಈ ಗಾಳಿಯು ಒಂದು ಕೇಂದ್ರದ ಸುತ್ತ ಚಕ್ರದಂತೆ ತಿರುಗುವುದೆಂಬ ತತ್ತ್ವವು ಅಂದಿನ ನಾವಿಕರಿಗೆ ಇನ್ನೂ ತಿಳಿಯದು. ವಿಲಿಯಂ ರೀಡನು ಬಿರುಗಾಳಿಗಳ ನಿಯಮವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದು 1838ರಲ್ಲಿ. ಕಲಕತ್ತೆಯ ಪಿಡಿಂಗ್ಟನ್ನನು ‘ಸೈಕ್ಲೋನ್’ ಎಂಬ ಹೆಸರನ್ನು ಟಂಕಿಸಿದ್ದು ಅದಕ್ಕೂ ಹತ್ತು ವರ್ಷ ಈಚೆಗೆ. ಗಾಳಿಯ ಕೇಂದ್ರವು ಯಾವ ದಿಕ್ಕಿನಲ್ಲಿದೆ, ಯಾವ ಕಡೆಗೆ ತಿರುಗಿದರೆ ಅದರಿಂದ ದೂರವಾದೇವು ಎಂಬುದನ್ನು ಎಣಿಸುವ ಉಪಾಯವು 1807ರಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ. ಹಾಯಿಗಳನ್ನು ಸುತ್ತಿ, ಹಡಗಿನ ಮೈಗಟ್ಟನ್ನು ನಂಬಿ ಕಾದುಕೊಂಡಿರುವುದೊಂದೇ ದಾರಿ. ಬ್ಲೆನ್‌ಹೈಮಿಗೆ ಇಲ್ಲದುದು ಆ ಮೈಗಟ್ಟೇ.

ಫೆಬ್ರವರಿ 1ನೆಯ ದಿನ ಮೂರು ಹಡಗುಗಳೂ ರಾಡ್ರಿಗ್ಸ್ ದ್ವೀಪಕ್ಕೆ ಆಗ್ನೇಯದಲ್ಲಿ, ದಕ್ಷಿಣ ಅಕ್ಷಾಂಶ ಸುಮಾರು 22 ಡಿಗ್ರಿಗಳಾಚೆಗೆ ಇದ್ದುವು. ಗಾಳಿ ಏರಿತು, ಏರಿ ಬಿರುಗಾಳಿಯಾಯಿತು. ಹ್ಯಾರಿಯರಿನವರು ಕಂಡುದಿಷ್ಟು: ಬ್ಲೆನ್‌ಹೈಮೂ ಜಾವಾವೂ ಎರಡೂ ಸಂಕಟದ ಸಂಕೇತಗಳನ್ನು ಏರಿಸಿದ್ದುವು. ಬ್ಲೆನ್‌ಹೈಮ್ ನೀರಿನಲ್ಲಿ ಮೊದಲಿಗಿಂತ ತಗ್ಗಿ ಕುಳಿತಂತೆ ತೋರಿತು. ಜಾವಾ ತನ್ನ ದಿಕ್ಕನ್ನು ಬಿಟ್ಟು ನೌಕಾಧಿಪತಿಯ ಹಡಗಿನತ್ತ ತಿರುಗಿತು; ಅದರ ಜನರನ್ನು ಉಳಿಸಹೋಗಿ ತಾನೂ ನಾಶವಾಯಿತೆಂದು ಕೆಲವರು ಎಣಿಸಿರುವರು. ಹ್ಯಾರಿಯರಿಗೂ ತನ್ನ ಪ್ರಾಣವನ್ನು ಕಾಯ್ದುಕೊಳ್ಳುವ ಹೊತ್ತು ಬಂದಿತ್ತು. ಅದು ಗಾಳಿಗೆ ಬೆನ್ನು ಕೊಟ್ಟು ಸರಿಯಿತು. ಕತ್ತಲೆ ಕವಿಯಿತು. ಮತ್ತೆ ಆ ಎರಡು ಹಡಗುಗಳು ಅದಕ್ಕೆ ಕಾಣಿಸಲಿಲ್ಲ. ಆ ತಿಂಗಳ ಕೊನೆಗೆ ಗುಡ್ ಹೋಪ್ ಭೂಶಿರವನ್ನು ಒಂಟಿಯಾಗಿ ಮುಟ್ಟಿದ ಹ್ಯಾರಿಯರು, ಹೊಸ ಅಧಿಕಾರಿಯ ದಾರಿಯನ್ನು ಕಾಯುತ್ತಿದ್ದವರಿಗೆ ಈ ಸುದ್ದಿಯನ್ನು ತಂದಿತು.

ಸುದ್ದಿ ಹಿಂದೂ ದೇಶಕ್ಕೆ ಬಂದಾಗ ಪೆಲ್ಯೂ ತಡಮಾಡದೆ ಹುಡುಕುವ ಕೆಲಸಕ್ಕೆ ಕ್ಯಾಪ್ಟನ್ ಎಡ್ವರ್ಡ್ ಟ್ರೂಬ್ರಿಡ್ಜನನ್ನು ನೇಮಿಸಿದನು. ಅವನು ಸರ್ ತಾಮಸನ ಒಬ್ಬನೇ ಮಗ. ‘ಗ್ರೇಹೌಂಡ್’ ಎಂಬ ಹಡಗಿನ ಅಧಿಪತಿಯಾಗಿ ಇದೇ ಸಮುದ್ರದಲ್ಲಿ ಇದ್ದನು. ತಂದೆಯನ್ನು ಹುಡುಕಲು ಮಗನನ್ನೇ ಕಳುಹಿಸಿದ ಪೆಲ್ಯೂವಿನ ಈ ಕಾರ್ಯದಲ್ಲಿ ಹಳೆಯ ವೈರದ ಲೇಶವೂ ಕಾಣದು. ಹೋಗಬೇಕಾದ ದ್ವೀಪಗಳು ಶತ್ರುಗಳವು. ಮಾರಿಷಸ್ಸಿಗೆ ಅಂದು ಈಲ್ ದ ಫ್ರಾನ್ಸ್ ಎಂದು ಹೆಸರು, ಅದರ ಪಕ್ಕದ ಬೂರ್ಬೋನ್ ದ್ವೀಪವೂ ಫ್ರೆಂಚರದೇ. ಶಾಂತಿಯ ಬಿಳಿಯ ಬಾವುಟವನ್ನೇರಿಸಿಕೊಂಡು ಮಗನು ರಾಡ್ರಿಗ್ಸಿಗೆ, ಈಲ್ ದ ಫ್ರಾನ್ಸಿಗೆ, ಮಡಗಾಸ್ಕರದ ಕರೆಗೆ ಹೋದನು. ಫ್ರೆಂಚ್ ಗವರ್ನರನಾದ ಜನರಲ್ ದಕಾಂ ಇಂಗ್ಲಿಷರನ್ನು ಕಡುವಾಗಿ ದ್ವೇಷಿಸುತ್ತಿದ್ದವನು. ಆದರೂ ಈ ವಿಷಯದಲ್ಲಿ ಸೌಜನ್ಯದಿಂದ ನಡೆದುಕೊಂಡು, ತನ್ನ ಕರಾವಳಿಯ ಠಾಣೆಗಳಿಂದ ಬಂದ ವರದಿಗಳನ್ನೆಲ್ಲ ಅವನಿಗೆ ಒದಗಿಸಿದನು. ಬಿರುಗಾಳಿಯಲ್ಲಿ ದೊಡ್ಡ ಹಡಗೊಂದನ್ನು ಕಂಡೆವೆಂದು ಕೆಲವರು, ಹಾಳಾದ ಎರಡು ಹಡಗುಗಳು ಮಡಗಾಸ್ಕರದ ತೀರಕ್ಕೆ ಬಂದು ದುರಸ್ತು ಮಾಡಿಕೊಂಡು ಮತ್ತೆ ಹೊರಟುಹೋದುವೆಂದು ಕೆಲವರು ಹೇಳಿದರು. ಒಂದೊಂದು ಮಾತೂ ಮಗನಿಗೆ ಒಂದೊಂದು ಆಸೆಯನ್ನು ಹುಟ್ಟಿಸಿ, ಹೋಗಿ ನೋಡಿದಾಗ ಕರಗಿಹೋಯಿತು. ಆತನು ಬರಿಗೈಯಲ್ಲಿ ಹಿಂತಿರುಗಿ, ತಂದೆಯ ಬ್ಯಾರನೆಟ್ ಪದವಿಗೆ ಉತ್ತರಾಧಿಕಾರಿಯಾದನು.

ಎರಡು ವರ್ಷಗಳ ಮೇಲೆ ಪೆಲ್ಯೂವೂ ಅದೇ ದಾರಿಯಲ್ಲಿ ಊರಿಗೆ ಹೊರಟನು. 1809ನೆಯ ಇಸವಿ ಮಾರ್ಚಿ ತಿಂಗಳಲ್ಲಿ, ಮಾರಿಷಸ್ಸಿನ ಆಚೆ, ಅವನ ಬೆಂಗಾವಲಿನಲ್ಲಿದ್ದ ಕಂಪೆನಿಯ ಹಡಗುಗಳ ತಂಡವನ್ನು ಇನ್ನೊಂದು ಚಂಡಮಾರುತವು ಹೊಡೆಯಿತು. ನಾಲ್ಕು ದೊಡ್ಡ ಹಡಗುಗಳು ಜನ ಸಮೇತ ಕಾಣೆಯಾದುವು. ರೀಡನು ತನ್ನ ಗ್ರಂಥದಲ್ಲಿ ದಿನಚರಿಗಳನ್ನು ಹೋಲಿಸಿ ಆ ಗಾಳಿಯ ಸುಳಿಯನ್ನು ಗುರುತಿಸಿದನು. ಪೆಲ್ಯೂವಿನ ಹಡಗಿನ ಹೆಸರಿನಿಂದ ಅದು ‘ಕಲೋಡನ್ನಿನ ಬಿರುಗಾಳಿ’ಯೆಂದು ಪ್ರಸಿದ್ಧವಾಯಿತು. ಕಲೋಡನ್ ಮಾತ್ರ ಉಳಿದು ಇಂಗ್ಲೆಂಡನ್ನು ಸೇರಿತು. ಟ್ರೂಬ್ರಿಡ್ಜನು ಹಿಂದೆ ನೈಲಿನ ದಿಬ್ಬದಿಂದ ಬಿಡಿಸಿ ತಂದಿದ್ದ ಆ ಹಡಗನ್ನು 1813ರಲ್ಲಿ ನೌಕಾಂಗಣದಲ್ಲಿ ಬಿಚ್ಚಿಹಾಕಿದರು.